ದೀಪಧಾರಕ ಮೀಮಾಂಸೆ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಆರು ಪ್ರಮಾಣಗಳನ್ನು ಬಲ್ಲ ಶಾಸ್ತ್ರಿಗಳಿಗೆ ಬರವಿಲ್ಲ. ಅಡಕೆ ಮೂಟೆ ಹೊತ್ತು ಹಣ್ಣಾದ ಜೀಪುಗಳಿಗೂ ಬರವಿಲ್ಲ. ಇಷ್ಟಾದರೂ ಹೆಡ್‌ಲೈಟ್ ಬ್ರಾಕೆಟ್ಟಿನ ತತ್ತ್ವನಿರ್ಣಯಕ್ಕೆ ಯಾರೂ ಕೈಹಾಕದಿರುವುದು ಪಂಡಿತವರ್ಗದ ಔದಾಸೀನ್ಯವೇ ಸರಿ.

ಮೊದಲು ವಸ್ತುನಿರ್ದೇಶ. 1941ರಿಂದ 1945ರ ನಡುವೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧಕ್ಕೆಂದು 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಅಚ್ಚೊತ್ತಿದ ಗ್ರಿಲ್ಲಿಗೆ 9 ಸೀಳು. ಅದರ ಹಿಂದೆ ದೀಪಗಳು ಬಿಜಾಗರಿಯಂಥ ಬ್ರಾಕೆಟ್ಟಿನ ಮೇಲೆ ಕೂತಿರುತ್ತಿದ್ದವು. ವಿಂಗ್ ನಟ್ಟು ಸಡಿಲಿಸಿ ಮಗುಚಿದರೆ ಬೆಳಕು ನೇರ ಎಂಜಿನ್ ಮೇಲೆ. ಮೆಕ್ಯಾನಿಕ್ ಬಾಯಲ್ಲಿ ಟಾರ್ಚ್ ಕಚ್ಚಿಕೊಳ್ಳುವ ಪ್ರಮೇಯವಿಲ್ಲ. 1945ರ ನಾಗರಿಕ ಮಾದರಿ ಸಿಜೆ-2ಎಗೆ ದೊಡ್ಡ ದೀಪ ಬಂತು, ಸೀಳು 7ಕ್ಕಿಳಿಯಿತು, ಬಿಜಾಗರಿ ಮಾಯವಾಯಿತು. ಮಹೀಂದ್ರಾದವರು ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿದ ಮೇಲೆ ಬೇರೂರಿದ 7 ಇಂಚಿನ ಗುಂಡು ದೀಪ ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಯುದ್ಧಕಾಲದ ಆ ಬ್ರಾಕೆಟ್ಟಿಗೆ ಮಾತ್ರ ಅನುಪಲಬ್ಧಿಯೇ ಪ್ರಮಾಣ. ಅಂಗಡಿಕಾರರ ಸೂತ್ರವೂ ಸಂಕ್ಷಿಪ್ತವಾಗಿದೆ: “ಹೆಗಡೇರೆ, ಅದು ಈಗ ಬತ್ತಿಲ್ಲೆ. ಹುಬ್ಬಳ್ಳೀಲಿ ನೋಡಿ.”

ಇಲ್ಲಿಂದ ಎರಡು ಪಂಥಗಳು ಕವಲೊಡೆಯುತ್ತವೆ.

ಗುಜರಿ ಪಂಥದವರು ಸಾಂಖ್ಯರು. ಎಳ್ಳಿನಲ್ಲಿ ಎಣ್ಣೆ ಮೊದಲೇ ಇರುವಂತೆ ಗುಜರಿಯ ಯಾವುದೋ ಗೇಟಿನ ಬಿಜಾಗರಿಯಲ್ಲಿ ಬ್ರಾಕೆಟ್ ಮೊದಲೇ ಇದೆ, ಕಣ್ಣು ಬೇಕಷ್ಟೆ ಎನ್ನುತ್ತಾರೆ. ವೆಲ್ಡಿಂಗ್ ಪಂಥದವರು ನೈಯಾಯಿಕರು: ಇಲ್ಲದ್ದನ್ನು ಹುಟ್ಟಿಸುವುದೇ ಕಸುಬು, 3 ಎಂಎಂ ಪಟ್ಟಿ ತನ್ನಿ. ಎರಡೂ ಕಡೆಯ ಜಾಣರು ಹಳೇ ಸ್ಪ್ರಿಂಗ್ ಪಟ್ಟಿ ತಂದು ಮೋಸಹೋಗುವುದುಂಟು. ಇಂಗಾಲದಂಶ ಹೆಚ್ಚಿರುವ ಆ ಉಕ್ಕಿಗೆ ಡ್ರಿಲ್ ಹತ್ತುವುದಿಲ್ಲ, ತಣ್ಣಗೆ ಬಗ್ಗಿಸಹೋದರೆ ಲಟಕ್ಕೆಂದು ಮುರಿಯುತ್ತದೆ. ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹುಗಿದು, ನಿಧಾನಕ್ಕೆ ಆರಲು ಬಿಟ್ಟರೆ ಮಾತ್ರ ಮಣಿಯುತ್ತದೆ.

ಅಳತೆ ಎಲ್ಲಿಂದ? ಅನುಮಾನದಿಂದ. ಗ್ರಿಲ್ಲಿನ ಹಿಂಬದಿಯಲ್ಲಿ ಬೋಲ್ಟಿನ ತೂತು, ಅದರ ಸುತ್ತ ಬಣ್ಣ ಕಾಣದ ತುಕ್ಕಿನ ಪಡಿಯಚ್ಚು. ಹೊಗೆಯಿಂದ ಬೆಂಕಿಯನ್ನು ಊಹಿಸಿದವರಿಗೆ ತುಕ್ಕಿನಿಂದ ಬ್ರಾಕೆಟ್ ಊಹಿಸುವುದು ದೊಡ್ಡದಲ್ಲ. ಉಪಮಾನ ಮಾತ್ರ ಅಪಾಯಕಾರಿ. ಉಳಿದಿರುವ ಎಡದ ತುಂಡನ್ನು ಯಥಾವತ್ ನಕಲು ಮಾಡಿದವನ ಕೈಗೆ ಸಿಗುವುದು ಎರಡು ಎಡಗಳು. ಬಾಗು ಒಮ್ಮುಖವಾಗಿದ್ದರೆ ಬಲಕ್ಕೆ ಬೇಕಾದ್ದು ಅದರ ಕನ್ನಡಿಬಿಂಬ. ರಟ್ಟಿನಲ್ಲಿ ಕತ್ತರಿಸಿ, ಮಗುಚಿ ಹಿಡಿದು ನೋಡಿದವರು ಈ ಪ್ರಮಾದದಿಂದ ಪಾರು. ಹಗಲುಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಬ್ರಾಕೆಟ್ ಇಲ್ಲದ ದೀಪ ಬಿದ್ದಿಲ್ಲವೆಂದರೆ ಬೇಲಿ ತಂತಿ ಬಿಗಿದಿದ್ದಾರೆಂದೇ ಅರ್ಥ. ಅರ್ಥಾಪತ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿದ್ದಾಪುರದ ಮಣ್ಣುರಸ್ತೆಯಲ್ಲಿ ಸಿಗದು.

ರಾಜಶಾಸನ ಏನನ್ನುತ್ತದೆ? 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿ ಮೂಲರೂಪದಲ್ಲಿರುವ ವಾಹನ ವಿಂಟೇಜ್. ನಂಬರಿನಲ್ಲಿ ‘ವಿಎ’ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ ಬದಲಾಗಕೂಡದೆಂದು ವ್ಯಾಖ್ಯೆ ಹೆಸರಿಸುತ್ತದೆ. ಬ್ರಾಕೆಟ್ಟನ್ನು ಹೆಸರಿಸುವ ಗೋಜಿಗೆ ಹೋಗಿಲ್ಲ. ಇದು ತಮ್ಮದೇ ಗೆಲುವೆಂದು ವೆಲ್ಡಿಂಗ್ ಪಂಥ ಬೀಗುತ್ತದೆ.

ಬೀಗುವುದು ಸ್ವಿಚ್ ಹಾಕುವವರೆಗೆ. ರೆಡಾಕ್ಸೈಡ್ ಬಳಿದು, ಮೇಲೆ ಎರಡು ಕೋಟ್ ಹಸಿರು ಹೊಡೆದು ಕೂರಿಸಿದ ದೀಪ ಮಿಣಿಮಿಣಿ ಎನ್ನುತ್ತದೆ. ಈ ಜೀಪುಗಳಲ್ಲಿ ದೀಪಕ್ಕೆ ಬರುವುದು ಒಂದೇ ತಂತಿ. ಕರೆಂಟು ಮರಳುವುದು ಬ್ರಾಕೆಟ್, ಬಾಡಿಯ ಕಬ್ಬಿಣದ ಮೂಲಕ. ನಡುವೆ ಬಣ್ಣ ಅಡ್ಡ. ಬೋಲ್ಟಿನ ಬುಡವನ್ನು ಪಾಲಿಶ್ ಕಾಗದದಿಂದ ಉಜ್ಜಿ ಆವರಣಭಂಗ ಮಾಡಬೇಕು. ಆದರೆ ಉಜ್ಜಿದಲ್ಲಿ ಘಟ್ಟದ ಮಳೆಗೆ ತುಕ್ಕು ತಪ್ಪಿದ್ದಲ್ಲ. ಅದಕ್ಕೇ ಹಲವರು ಚಾಸಿಗೆ ಪ್ರತ್ಯೇಕ ಅರ್ತ್ ತಂತಿ ಎಳೆದು ದ್ವೈತಕ್ಕೆ ಒಲಿಯುತ್ತಾರೆ. ಸ್ವರ್ಣವಲ್ಲಿಯ ಅದ್ವೈತ ಪೀಠವೂ ವಾದಿರಾಜರ ದ್ವೈತ ಮಠವೂ ಸೋಂದೆಯ ಆಸುಪಾಸಿನಲ್ಲೇ ಇರುವ ತಾಲೂಕಿನಲ್ಲಿ ಎರಡು ಬಗೆಯ ವೈರಿಂಗಿಗೂ ಅನುಯಾಯಿಗಳಿದ್ದಾರೆ.