ರೆಕ್ಕೆ ಸ್ವಂತದ್ದು, ಚಕ್ರ ಅಂಗಡಿಯದ್ದು

ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿಯಲ್ಲಿ ಮಾದರಿ ವಿಮಾನಗಳ ರಾಷ್ಟ್ರೀಯ ಸ್ಪರ್ಧೆ. ತಂತಿ ಹಿಡಿದು ವಿಮಾನದಿಂದ ಲಾಗ ಹೊಡೆಸುವ ವಿಭಾಗದಲ್ಲಿ ಹಾರಾಟಕ್ಕೂ ಮೊದಲು ವಿಮಾನಗಳೆಲ್ಲ ನೆಲದ ಮೇಲೆ ಸಾಲಾಗಿ ಕೂರುತ್ತವೆ. ತೀರ್ಪುಗಾರರು ಬಗ್ಗಿ ಬಗ್ಗಿ ಬಣ್ಣದ ನುಣುಪು, ರೆಕ್ಕೆಯ ಬೆಸುಗೆ, ಗೆರೆಯ ನೇರ ನೋಡುತ್ತಾರೆ. ಚೆಂದಕ್ಕೆ ಗರಿಷ್ಠ 20 ಅಂಕ.

ಆದರೆ ಷರತ್ತುಂಟು: ಹಾರಿಸುವವರೇ ಕಟ್ಟಿರಬೇಕು.

ಇಲ್ಲಿಂದಲೇ ತಕರಾರು ಶುರು. ಎಂಜಿನ್ ಕೊಂಡದ್ದು, ಪ್ರೊಪೆಲ್ಲರ್ ಕೊಂಡದ್ದು, ಚಕ್ರವೂ ಕೊಂಡದ್ದು. ಅವಕ್ಕೆ ಯಾರ ಆಕ್ಷೇಪವೂ ಇಲ್ಲ. ಡಬ್ಬಿಯಲ್ಲಿ ಬಂದ ಬಾಲ್ಸಾ ಮರದ ತುಂಡುಗಳನ್ನು ಅಂಟಿಸಿದರೂ ಅದು ಸ್ವಂತ ಕೆಲಸವೇ. ಹಾಗಾದರೆ ಕಾರ್ಖಾನೆಯಲ್ಲೇ ಅಚ್ಚು ಹಾಕಿದ ರೆಕ್ಕೆ ತಂದು, ಮರಳು ಕಾಗದ ಉಜ್ಜಿ, ಬಣ್ಣ ಬಳಿದರೆ? ಅಂಗಡಿಯ ಪುಡಿ ಹಾಕಿ ಸಾರು ಮಾಡಿದವರನ್ನು ಅಡುಗೆಯವರೆನ್ನಬಹುದು. ಹೋಟೆಲಿನ ಸಾರಿಗೆ ಒಗ್ಗರಣೆ ಕೊಟ್ಟವರನ್ನು?

ಕಟ್ಟಾ ಸಂಪ್ರದಾಯಸ್ಥರಿಗೆ ಅಂಟು ಮೆತ್ತದ ಬೆರಳು ಬೆರಳೇ ಅಲ್ಲ. ‘ನಾವು ಬಂದದ್ದು ಹಾರಿಸಲು, ಬಡಗಿ ಕೆಲಸಕ್ಕಲ್ಲ’ ಎನ್ನುವುದು ಎದುರು ಪಕ್ಷದ ವಾದ. ಇಬ್ಬರ ವಾದವೂ ಎಂಜಿನ್ನಿಗಿಂತ ಜೋರು.

ಇದೇ ಬಗೆಯ ಹಾರಾಟದ ಅಂತರರಾಷ್ಟ್ರೀಯ ವಿಭಾಗವಾದ ಎಫ್2ಬಿ ಸ್ಪರ್ಧೆಯಲ್ಲಿ ಈ ರಗಳೆಯಿಲ್ಲ. ಅಲ್ಲಿ ಚೆಂದಕ್ಕೆ ಅಂಕವೇ ಇಲ್ಲ. ಯುಕ್ರೇನಿನ ಕುಶಲಿಗಳು ಕಟ್ಟಿದ, ಬಿಡಿಸಿ ಪೆಟ್ಟಿಗೆಗೆ ತುಂಬಬಹುದಾದ ವಿಮಾನ ತರಿಸಿ ಹಾರಿಸಿದವರೂ ಇದ್ದಾರೆ.

ಒಟ್ಟಿನಲ್ಲಿ ನ್ಯಾಯ ಇಷ್ಟೇ: ಹಾರಾಟದ ಅಂಕ ಹಾರಿಸಿದವರಿಗೆ, ಅಂದದ ಅಂಕ ಕಟ್ಟಿದವರಿಗೆ. ಎರಡೂ ಬೇಕೆನ್ನುವವರು ಮರಳು ಕಾಗದ ಹಿಡಿಯಲಿ.