ಮಗ್ಗದ ಸಂದಿಯಲ್ಲೊಂದು ಸಂಸಾರ

ದೊಡ್ಡಬಳ್ಳಾಪುರದ ನೇಕಾರರ ಮನೆಯೊಳಗನ್ನು ಪೆನ್ಸಿಲ್ಲಿನಲ್ಲಿ ಗೀಚಲು ಕೂತರೆ ಮೊದಲ ತಕರಾರು ಪೆನ್ಸಿಲ್ಲಿನದೇ. ವಿದ್ಯುತ್ ಮಗ್ಗ ಓಡುವಾಗ ನೆಲ ಅದುರುತ್ತದೆ. ನೆಟ್ಟಗೆ ಹೊರಟ ಗೆರೆ ಘಾಟಿ ಸುಬ್ರಹ್ಮಣ್ಯನ ಹಾವಿನಂತೆ ಹರಿದುಹೋಗುತ್ತದೆ.

ಮನೆಯೊಳಗೆ ಮಗ್ಗವಿದೆ ಅನ್ನುವುದಕ್ಕಿಂತ ಮಗ್ಗದ ಸಂದಿಯಲ್ಲಿ ಮನೆಯಿದೆ ಅನ್ನುವುದೇ ವಾಸಿ. ಒಂದು ಮೂಲೆಗೆ ಟಿವಿ, ಇನ್ನೊಂದಕ್ಕೆ ಅಕ್ಕಿಮೂಟೆ, ಎಲ್ಲದರ ಮೇಲೂ ರೇಷ್ಮೆಯ ಎಳೆ. ಮಗ್ಗದ ನೆತ್ತಿಯಲ್ಲಿ ಜಕಾರ್ಡ್ ಯಂತ್ರ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ್ದು. ತೂತು ಹೊಡೆದ ರಟ್ಟುಗಳು ಹೇಳಿದಂತೆ ಸೀರೆಯಂಚಿನ ನವಿಲು ಗರಿ ಬಿಚ್ಚುತ್ತದೆ. ಕಂಪ್ಯೂಟರಿನ ಈ ಮುತ್ತಾತ ಇಲ್ಲಿ ದೇವರ ಪಟಕ್ಕಿಂತ ಎತ್ತರದಲ್ಲಿ ಕೂತಿದ್ದಾನೆ!

ಸದ್ದಿನಲ್ಲಿ ಮಾತು ಕೇಳಿಸದು, ಸಂಸಾರವೆಲ್ಲ ಕೈಸನ್ನೆಯಲ್ಲೇ. ಮನೆಯಾಕೆ ಹೆಬ್ಬೆರಳು ತುಟಿಗೆ ಒಯ್ದರೆ ಕಾಫಿ, ಐದೂ ಬೆರಳು ಕೂಡಿಸಿದರೆ ಮುದ್ದೆ. ಸೊಂಟದ ಮೇಲೆ ಕೈಯಿಟ್ಟರೆ ಯಜಮಾನರು ತಾವಾಗಿಯೇ ಎದ್ದು ಹೋಗುತ್ತಾರೆ.

ಅಷ್ಟರಲ್ಲಿ ಕರೆಂಟು ಹೋಯಿತು. ಅಜ್ಜಿ ಹಾಳೆಗೆ ಇಣುಕಿದರು.

“ಮಗ್ಗ ಸರಿ, ಲಾಳಿ ಎಲ್ಲಪ್ಪಾ?”

“ಓಡ್ತಿತ್ತಲ್ಲಜ್ಜಿ, ಕಣ್ಣಿಗೇ ಸಿಗಲಿಲ್ಲ.”

“ಈಗ ನಿಂತೈತೆ, ಬೇಗ ಬರ್ಕೊ. ಹಂಗೇ ನನ್ನೂ ಬರಿ. ಕರೆಂಟು ಬಂದ್ರೆ ನಾನೂ ನಿಲ್ಲಾಕಿಲ್ಲ.”