ಏಕಾಂಗವೀರನ ಅವಿಭಕ್ತ ಕುಟುಂಬ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಾದರೂ ಸರಿ, ರಾತ್ರಿ ಎರಡು ಗಂಟೆಗೆ ಒಂದು ಕಿಟಕಿಯಲ್ಲಾದರೂ ನೀಲಿ ಬೆಳಕು ಮಿಣುಕುತ್ತಿರುತ್ತದೆ. ಅಮೆರಿಕದವರ ಜೊತೆ ಮೀಟಿಂಗ್ ಇರಬೇಕು ಪಾಪ, ಎಂದು ವಾಚ್‌ಮನ್ ಮರುಗುತ್ತಾನೆ. ಮೀಟಿಂಗ್ ಮುಗಿದು ಬಹಳ ಹೊತ್ತಾಗಿದೆ. ಒಳಗೆ ನಮ್ಮ ಏಕಾಂಗವೀರ ಕಾಡುಹಂದಿ ಹೊಡೆಯುತ್ತಿದ್ದಾನೆ.

ವಯಸ್ಸು ಮೂವತ್ತೈದರ ಆಚೀಚೆ. ಹಗಲು ಸಾಫ್ಟ್‌ವೇರ್, ರಾತ್ರಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ. ಪಕ್ಕಕ್ಕೆ ಹನ್ನೆರಡು ಗುಂಡಿ ಇರುವ ಮೌಸನ್ನು ಕೈಯಲ್ಲಿ ಹಿಡಿದನೆಂದರೆ ಫೋನು ಮೇಜಿನ ಮೇಲೆ ಮಕಾಡೆ ಮಲಗುತ್ತದೆ. ಗೆಳೆಯರ ಮಗುವಿನ ನಾಮಕರಣಕ್ಕೆ ಕರೆದರೆ ಬರುವುದಿಲ್ಲ. ಅದೇ ಹೊತ್ತಿಗೆ ಅವನ ಮನೆಯಲ್ಲೂ ಒಂದು ನಾಮಕರಣ ನಡೆಯುತ್ತಿರುತ್ತದೆ, ಆಟದ ಹೊಸ ಪಾತ್ರದ್ದು. ಅರ್ಜುನ ಎಂಬ ಹೆಸರನ್ನು ಆಟದ ಸರ್ವರಿನಲ್ಲಿ ಯಾರೋ ಎಂದೋ ಹಿಡಿದಾಗಿದೆ, ಭೀಮನೂ ಸಿಗುವುದಿಲ್ಲ. ಅರ್ಧ ಗಂಟೆ ತಡಕಾಡಿ ಕೊನೆಗೆ ಕೂಸಿಗೆ ‘ಅರ್ರ್‌ಜುನಾಆ’ ಎಂದು ಹೆಸರಿಟ್ಟು ತೊಟ್ಟಿಲಿಗೆ ಹಾಕುತ್ತಾನೆ.

ಈ ಆಟ ಅಮೆರಿಕದಲ್ಲಿ ಹೊರಬಂದದ್ದು 2004ರ ನವೆಂಬರಿನಲ್ಲಿ. ಒಂದೇ ಲೋಕದಲ್ಲಿ ಸಾವಿರಾರು ಜನ ಕೂಡಿ ಆಡಲಿ ಎಂದೇ ಅದನ್ನು ಕಟ್ಟಿದ್ದು. ನಮ್ಮವನು ಆ ಸಾವಿರಾರು ಜನರ ನಡುವೆ ನಿಂತು ಯಾರ ಜೊತೆಗೂ ಆಡುವುದಿಲ್ಲ. ಒಂದು ಪಾತ್ರವನ್ನು ಲೆವೆಲ್ 1ರಿಂದ ತುದಿಯವರೆಗೆ ಏರಿಸುತ್ತಾನೆ. ತುದಿ ಮುಟ್ಟಿದ ಮರುಗಳಿಗೆ ಹೊರಬಂದು ಇನ್ನೊಂದು ಪಾತ್ರವನ್ನು ಹಡೆಯುತ್ತಾನೆ.

ತುದಿಯೂ ಒಂದು ಕಡೆ ನಿಂತದ್ದಲ್ಲ. ಮೊದಲು 60 ಇತ್ತು. 2007ರಲ್ಲಿ 70, ಮರುವರ್ಷ 80, ಹೀಗೆ ಬೆಳೆಯುತ್ತ ಬೆಳೆಯುತ್ತ 2018ಕ್ಕೆ 120 ಆಯಿತು. ಅಂಕಿ ಅತಿಯಾಯಿತೆಂದು 2020ರಲ್ಲಿ ಆಟದ ಕಂಪನಿಯವರು ಎಲ್ಲರನ್ನೂ ಕುಗ್ಗಿಸಿದರು. 120ರಲ್ಲಿ ಮಲಗಿದವನು 50ರಲ್ಲಿ ಎದ್ದ. ಉಳಿದವರು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಏಕಾಂಗವೀರ ಲೆಕ್ಕ ಹಾಕಿ ಮುಗಿಸಿದ್ದ: ಇನ್ನು ಒಂದು ಪಾತ್ರ ಬೆಳೆಸಲು ಮೊದಲಿನ ಅರ್ಧ ಹೊತ್ತೂ ಬೇಕಿಲ್ಲ, ಆದ್ದರಿಂದ ಎರಡು ಬೆಳೆಸಬಹುದು. ಉಳಿದ ಹೊತ್ತಿನಲ್ಲಿ ಬೇರೇನಾದರೂ ಮಾಡಬಹುದು ಎಂಬುದು ಆ ಲೆಕ್ಕದಲ್ಲಿ ಬರಲಿಲ್ಲ.

ಹೀಗೆ ಹುಟ್ಟಿ ಹುಟ್ಟಿ ಈಗ ಅವನದೊಂದು ಅವಿಭಕ್ತ ಕುಟುಂಬವಾಗಿದೆ. ಹಿರಿಯ, ಬೇಟೆಗಾರ. ಅವನ ಹಿಂದೆ ಮಂತ್ರವಾದಿ, ಡ್ರುಯಿಡ್, ಪುರೋಹಿತೆ, ಕಳ್ಳ. ಎಲ್ಲರಿಗಿಂತ ಕೊನೆಗೆ, ಲೆವೆಲ್ 1 ದಾಟದೆ ಊರ ಬ್ಯಾಂಕಿನ ಮೆಟ್ಟಿಲ ಮೇಲೇ ಆಯುಷ್ಯ ಕಳೆಯುತ್ತಿರುವ ಒಬ್ಬ ಶಾನುಭೋಗ. ದೊಡ್ಡವರು ಗುಡ್ಡಬೆಟ್ಟ ಅಲೆದು ಸೊಪ್ಪು, ಅದಿರು, ಚರ್ಮ ತಂದು ಅಂಚೆಯಲ್ಲಿ ಇವನಿಗೆ ಕಳಿಸುತ್ತಾರೆ. ಇವನು ಹರಾಜು ಕಟ್ಟೆಯಲ್ಲಿ ಮಾರಿ, ಬಂದ ಚಿನ್ನವನ್ನು ಕೂಸಿನ ಹೆಸರಿಗೆ ಮನಿಯಾರ್ಡರ್ ಮಾಡುತ್ತಾನೆ. ಕಣ್ಣು ಬಿಡುವ ಹೊತ್ತಿಗೆ ಕೂಸಿನ ಅಂಚೆಪೆಟ್ಟಿಗೆಯಲ್ಲಿ ನಾಲ್ಕು ದೊಡ್ಡ ಚೀಲ, ಕೈತುಂಬ ಕಾಸು, ಮೇಲೆ ಒಂದು ಪತ್ರ. ಪತ್ರದಲ್ಲಿ ಏನೂ ಬರೆದಿರುವುದಿಲ್ಲ. ಬರೆಯುವವನೂ ಓದುವವನೂ ಒಬ್ಬನೇ ಆದಾಗ ಕುಶಲ ಕೇಳುವುದಾದರೂ ಏನು?

ಆಸ್ತಿಯ ವಿಷಯದಲ್ಲಂತೂ ಈ ಮನೆತನ ಅಪ್ಪಟ ಕರ್ನಾಟಕದ್ದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರ ಎಂಬ ಗ್ರಂಥದಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ಸುಮಾರು ಒಂಬತ್ತು ಶತಮಾನ ಕಳೆದು, 2008ರಲ್ಲಿ, ಈ ಆಟವೂ ಅದನ್ನೇ ಜಾರಿಗೆ ತಂದಿತು. ಹಿರಿಯ ಸಂಪಾದಿಸಿದ ವಂಶಪಾರಂಪರ್ಯದ ಭುಜಕವಚವನ್ನು ಕೂಸು ಹುಟ್ಟಿದ ದಿನವೇ ತೊಡಬಹುದು. ತೊಟ್ಟರೆ ಪ್ರತಿ ಬೇಟೆಯ ಅನುಭವಾಂಕ, ಅಂದರೆ ಎಕ್ಸ್‌ಪಿ, ನೂರಕ್ಕೆ ಹತ್ತರಷ್ಟು ಹೆಚ್ಚು ಸಿಗುತ್ತಿತ್ತು. ಮೊಣಕಾಲೆತ್ತರದ ಕುಳ್ಳ ಮನೆತನದ ಕವಚದೊಳಗೆ ಹೂತುಹೋಗಿ, ಕೈಯಲ್ಲಿ ಮುತ್ತಜ್ಜನ ಗದೆ ಹಿಡಿದು ಮೊಲ ಅಟ್ಟಿಸಿಕೊಂಡು ಹೋಗುವುದನ್ನು ನೋಡಬೇಕು. 2020ರಲ್ಲಿ ಕಂಪನಿ ಆ ಕವಚಗಳ ಎಕ್ಸ್‌ಪಿ ಸವಲತ್ತನ್ನು ಕಿತ್ತುಹಾಕಿತು. ಆ ವಾರ ಏಕಾಂಗವೀರ ಭೂಸುಧಾರಣೆಯ ಮಾರನೆಯ ದಿನದ ಜಮೀನ್ದಾರನಾಗಿ, ಯಾರೊಡನೆಯೂ ಮಾತಿಲ್ಲದೆ ಕೂತಿದ್ದ. ಅವನು ಮೊದಲೂ ಯಾರೊಡನೆಯೂ ಮಾತಾಡುತ್ತಿರಲಿಲ್ಲವಾದ್ದರಿಂದ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ.

ನಿದ್ದೆಯ ಶಾಸ್ತ್ರದಲ್ಲಿ ಇವನನ್ನು ಮೀರಿಸಿದವರಿಲ್ಲ. ಈ ಆಟವನ್ನು ಕಟ್ಟುವಾಗ, ಹೆಚ್ಚು ಹೊತ್ತು ಆಡಿದವನಿಗೆ ಎಕ್ಸ್‌ಪಿ ಅರ್ಧಕ್ಕಿಳಿಯುವಂತೆ ಮಾಡಿದ್ದರಂತೆ, ಜನ ಎದ್ದು ಮನೆಗೆಲಸ ನೋಡಲಿ ಎಂದು. ಪರೀಕ್ಷೆಗೆ ಆಡಿದವರು ದಂಡ ಹಾಕುತ್ತಾರೆಂದು ಸಿಟ್ಟಾದರು. ಕಂಪನಿಯವರು ಅರ್ಧವನ್ನು ಪೂರ್ತಿ ಎಂದು ಕರೆದು, ಪೂರ್ತಿಯನ್ನು ದುಪ್ಪಟ್ಟು ಎಂದು ಕರೆದು, ವಿಶ್ರಾಂತಿ ಪಡೆದವನಿಗೆ ಬಹುಮಾನ ಎಂದು ಸಾರಿದರು. ಲೆಕ್ಕ ಅದೇ. ಜನ ಮಾತ್ರ ಚಪ್ಪಾಳೆ ತಟ್ಟಿದರು. ಛತ್ರದಲ್ಲೋ ಪಟ್ಟಣದಲ್ಲೋ ಎಂಟು ಗಂಟೆ ಮಲಗಿದ ಪಾತ್ರಕ್ಕೆ ಒಂದು ‘ಬಬಲ್’, ಎಂದರೆ ಲೆವೆಲ್ಲಿನ ನೂರಕ್ಕೆ ಐದು ಪಾಲು, ದುಪ್ಪಟ್ಟು ಗಳಿಕೆಯ ಖಾತೆಗೆ ಜಮೆ. ಕಾಡಿನಲ್ಲಿ ಮಲಗಿದರೆ ಅದರ ಕಾಲು ಭಾಗ ಮಾತ್ರ. ಹತ್ತು ದಿನ ಮಲಗಿದರೆ ಒಂದೂವರೆ ಲೆವೆಲ್ಲಿನ ಖಾತೆ ಭರ್ತಿ. ಆದ್ದರಿಂದ ಏಕಾಂಗವೀರ ಮನೆಮಂದಿಯನ್ನೆಲ್ಲ ಸಾಲಾಗಿ ಛತ್ರದಲ್ಲಿ ಮಲಗಿಸಿ, ಖಾತೆ ತುಂಬಿದವನನ್ನು ಮಾತ್ರ ಎಬ್ಬಿಸಿ ದುಡಿಸುತ್ತಾನೆ. ಅವನ ಖಾತೆ ಖಾಲಿಯಾದರೆ ಅವನನ್ನು ಮಲಗಿಸಿ ಇನ್ನೊಬ್ಬನನ್ನು ಎಬ್ಬಿಸುತ್ತಾನೆ. ಆ ಕುಟುಂಬದಲ್ಲಿ ಎಲ್ಲರಿಗೂ ಒಳ್ಳೆಯ ನಿದ್ದೆ; ಯಜಮಾನನಿಗೆ ಕಣ್ಣ ಕೆಳಗೆ ಕಪ್ಪು.

ಮೈಸೂರಿನಿಂದ ಬಂದಾಗಲೆಲ್ಲ ಅಮ್ಮ ಇದನ್ನು ನೋಡುತ್ತಾರೆ.

“ಊಟಕ್ಕೆ ಬಾರೋ, ಅನ್ನ ಆರಿ ಹೋಗ್ತಿದೆ.”

“ಬಂದೆ ಅಮ್ಮಾ, ಎರಡೇ ಬಬಲ್ ಬಾಕಿ.”

“ಏನು ಬಾಕಿ?”

“ಬಬಲ್.”

ಅಮ್ಮ ಅದನ್ನು ಆಫೀಸಿನ ಕೆಲಸವೆಂದು ತಿಳಿದು, ಪಕ್ಕದ ಮನೆಯವರ ಹತ್ತಿರ “ನಮ್ಮವನಿಗೆ ಈಚೆಗೆ ಬಬಲ್ ಜಾಸ್ತಿ ಕೊಡ್ತಿದಾರೆ ಕಣ್ರೀ, ಮಲಗೋಕೂ ಬಿಡಲ್ಲ” ಎಂದು ಹೇಳಿಕೊಂಡಿದ್ದಾರೆ.

ಒಂಟಿಯಾಗಿ ಬೇಗ ಏರುವುದಕ್ಕೆ ಇವನ ಬಳಿ ಅಲಿಖಿತ ಸಂಹಿತೆಯೇ ಇದೆ. ಯೋಧನಾಗಿ ಹುಟ್ಟಬೇಡ, ಏಟು ತಿಂದಾಗ ವಾಸಿ ಮಾಡಲು ಪಕ್ಕದಲ್ಲಿ ಇನ್ನೊಬ್ಬರು ಬೇಕಾಗುತ್ತದೆ. ಬೇಟೆಗಾರನಾಗು, ಸಾಕಿದ ಕರಡಿ ಮುಂದೆ ಹೋಗಿ ಏಟು ತಿನ್ನುತ್ತದೆ, ನೀನು ಹಿಂದೆ ನಿಂತು ಬಾಣ ಬಿಡು. ಒಂದು ಕ್ವೆಸ್ಟಿಗಾಗಿ, ಎಂದರೆ ಆಟದ ಊರವರು ಒಪ್ಪಿಸುವ ಒಂದು ಕೆಲಸಕ್ಕಾಗಿ, ಒಂದು ಊರಿಗೆ ಹೋಗಬೇಡ. ಆ ದಿಕ್ಕಿನ ಐದಾರನ್ನು ಒಟ್ಟುಮಾಡಿಕೊಂಡು ಹೋಗು. ಹಿಂದಿರುಗಲು ಕಾಲು ಸವೆಸಬೇಡ, ಛತ್ರಕ್ಕೆ ಎತ್ತಿ ಒಯ್ಯುವ ಹಾರ್ತ್‌ಸ್ಟೋನ್ ಬಳಸು. ನಿನ್ನ ಲೆವೆಲ್ಲಿಗಿಂತ ತೀರ ಕೆಳಗಿನ ಪ್ರಾಣಿಯನ್ನು ಕೊಲ್ಲಬೇಡ. ಇದು ಅಹಿಂಸೆಯಲ್ಲ, ಅದರಿಂದ ಎಕ್ಸ್‌ಪಿ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕ್ವೆಸ್ಟ್ ಕೊಡುವವರ ಮಾತು ಕೇಳಬೇಡ.

ಈ ಕೊನೆಯ ನಿಯಮವನ್ನು ಅವನು ವ್ರತವಾಗಿ ಪಾಲಿಸಿದ್ದಾನೆ. ವೆಸ್ಟ್‌ಫಾಲ್ ಎಂಬ ಬರಡು ಹೊಲಗಳ ನಾಡಿನಲ್ಲಿ ಒಬ್ಬ ರೈತನ ಹೆಂಡತಿ ಕಡುಬು ಮಾಡಲು ಎಂಟು ಕಾಡುಹಂದಿಯ ಪಿತ್ತಜನಕಾಂಗ ತರಲು ಹೇಳುತ್ತಿದ್ದಳು. ಹೊಡೆದ ಹಂದಿಗಳಲ್ಲಿ ಬಹುಪಾಲಿಗೆ ಆ ಅಂಗವೇ ಇರುತ್ತಿರಲಿಲ್ಲ. ಅದಿಲ್ಲದೆ ಅವು ಹೇಗೆ ಬದುಕಿದ್ದವು ಎಂದು ಇಪ್ಪತ್ತು ವರ್ಷದಿಂದ ಆಟಗಾರರು ನಗುತ್ತಿದ್ದಾರೆ. ನಮ್ಮವನಿಗೆ ಆ ನಗೆಯೂ ಇಲ್ಲ. ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಹೋಗಿ ಅವಳಿಗೆ ಎಂಟೆಂಟು ತಂದುಕೊಟ್ಟಿದ್ದಾರೆ. ಅದು ಕಡುಬಿಗೆ ಎಂಬುದು ಒಬ್ಬರಿಗೂ ಗೊತ್ತಿಲ್ಲ. 2006ರಲ್ಲಿ ಅಮೆರಿಕದ ‘ಸೌತ್ ಪಾರ್ಕ್’ ಕಾರ್ಟೂನಿನ ಹುಡುಗರು ಈ ಆಟದ ಕಾಡಿನಲ್ಲಿ ಬರೀ ಹಂದಿ ಹೊಡೆದೇ ಲೆವೆಲ್ ಏರುವ ಕಂತು ಬಂದು, ಎಮ್ಮಿ ಪ್ರಶಸ್ತಿ ಗೆದ್ದಿತು. ಲೋಕ ಅದನ್ನು ವಿಡಂಬನೆ ಎಂದು ನೋಡಿತು. ಏಕಾಂಗವೀರ ನೋಡಿ, “ಹಂದಿ ಆಯ್ಕೆ ತಪ್ಪು, ತೋಳ ಹೊಡೀಬೇಕಿತ್ತು” ಎಂದ.

ಯಾರಾದರೂ ದಾರಿಹೋಕ “ಜೊತೆಗೆ ಬರ್ತೀಯಾ?” ಎಂದು ಆಹ್ವಾನ ಕಳಿಸಿದರೆ ಇವನ ಬೆರಳು ತಾನಾಗಿ ‘ಬೇಡ’ ಒತ್ತುತ್ತದೆ. ಜೊತೆಯಾಗಿ ಹೊಡೆದರೆ ಎಕ್ಸ್‌ಪಿ ಹಂಚಿಹೋಗುತ್ತದೆ ಎಂಬುದು ಕಾರಣ. ಗಿಲ್ಡ್ ಎಂಬ ಸಂಘ ಮಾತ್ರ ಇವನಿಗೂ ಬೇಕಾಯಿತು, ಏಕೆಂದರೆ ಸಂಘಕ್ಕೊಂದು ದೊಡ್ಡ ಉಗ್ರಾಣ ಸಿಗುತ್ತದೆ. ಆಗ ಸಂಘ ಸ್ಥಾಪನೆಗೆ ಬೇರೆ ಒಂಬತ್ತು ಜನರ ಸಹಿ ಬೇಕಿತ್ತು. ಸ್ಟಾರ್ಮ್‌ವಿಂಡ್ ಪಟ್ಟಣದ ಹೆಬ್ಬಾಗಿಲಲ್ಲಿ ನಿಂತು ಸಹಿಗೊಂದು ಚಿನ್ನದ ನಾಣ್ಯ ಎಂದು ಕೂಗಿದ. ಒಂಬತ್ತು ಸಹಿ ಬಿದ್ದವು. ಸಂಘ ನೋಂದಾಯಿತವಾದ ಕೂಡಲೇ ಒಂಬತ್ತೂ ಜನರನ್ನು ಉಚ್ಚಾಟಿಸಿ, ಮನೆಮಂದಿಯನ್ನು ಒಳಗೆ ಕರೆದುಕೊಂಡ. ಈಗ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಅವರೇ. ಅವಿರೋಧ ಆಯ್ಕೆ. ಕರ್ನಾಟಕದಲ್ಲಿ ಒಡೆಯದೆ ಉಳಿದಿರುವ ಸಂಘ ಇದೊಂದೇ ಇರಬೇಕು.

ಇವನಿಗೂ ಗುರುಗಳುಂಟು. 2012ರಲ್ಲಿ ಈ ಆಟಕ್ಕೆ ಪಾಂಡಾ ಜನಾಂಗ ಬಂತು. ಅವರು ಒಂದು ದ್ವೀಪದಲ್ಲಿ ಹುಟ್ಟಿ, ಸ್ವಲ್ಪ ಬೆಳೆದ ಮೇಲೆ ಎರಡು ಬಣಗಳಲ್ಲಿ ಒಂದನ್ನು ಆರಿಸಿಕೊಂಡು ದ್ವೀಪ ಬಿಡಬೇಕು. ಒಬ್ಬ ಆಟಗಾರ ಮಾತ್ರ ಯಾವ ಬಣವನ್ನೂ ಸೇರದೆ, ಆ ದ್ವೀಪದಲ್ಲೇ ಗಿಡಮೂಲಿಕೆ ಕೀಳುತ್ತ, ಅದಿರು ಅಗೆಯುತ್ತ, ತುದಿಯ ಲೆವೆಲ್ ಮುಟ್ಟಿದ. ಪಕ್ಷೇತರನಾಗಿಯೇ ಪೂರ್ಣಾವಧಿ ಮುಗಿಸಿದ ಆ ಮಹಾನುಭಾವನ ಮಾತು ಬಂದರೆ ಏಕಾಂಗವೀರ ಕೂತಲ್ಲೇ ನೆಟ್ಟಗಾಗುತ್ತಾನೆ. ರೂನ್‌ಸ್ಕೇಪ್ ಎಂಬ ಇನ್ನೊಂದು ಆಟದ ಮೇಲೂ ಅವನಿಗೆ ಭಕ್ತಿ. ಅಲ್ಲಿ ಒಂದು ವಿದ್ಯೆಯಲ್ಲಿ 99 ತಲುಪಲು 1,30,34,431 ಎಕ್ಸ್‌ಪಿ ಬೇಕು; 92 ತಲುಪಿದಾಗ ಆದದ್ದು ಸರಿಸುಮಾರು ಅರ್ಧ ದಾರಿ. ಎಸ್‌ಎಸ್‌ಎಲ್‌ಸಿ ಮಕ್ಕಳ ತಂದೆತಾಯಿ ಬಿಟ್ಟರೆ ಈ ಗಣಿತವನ್ನು ಒಪ್ಪುವವರು ಬೇರೆ ಇಲ್ಲ.

ಅವನ ತಿರಸ್ಕಾರಕ್ಕೆ ಪಾತ್ರರಾದವರೂ ಇದ್ದಾರೆ: ದುಡ್ಡು ಕೊಟ್ಟು ಏರಿದವರು. 2014ರಲ್ಲಿ ಕಂಪನಿ 60 ಡಾಲರಿಗೆ ಪಾತ್ರವನ್ನು ನೇರವಾಗಿ ಲೆವೆಲ್ 90ಕ್ಕೆ ಏರಿಸಿಕೊಡುವ ಸೌಲಭ್ಯವನ್ನು ಮಾರಲು ತೊಡಗಿತು. “ಹುಟ್ಟುತ್ತಲೇ ತೊಂಬತ್ತು! ಬಾಲ್ಯ ಬೇಡವಾ?” ಎಂದು ಇವನು ಕೆರಳಿದ. ತನ್ನ ಮಕ್ಕಳ ಬಾಲ್ಯವನ್ನು ಗಡಿಯಾರ ಇಟ್ಟುಕೊಂಡು ಮೊಟಕು ಮಾಡುವವನ ಬಾಯಲ್ಲಿ ಈ ಮಾತು ಕೇಳಿ ಹಿರಿಯ ಬೇಟೆಗಾರನ ಕರಡಿಯೂ ತಲೆ ತಗ್ಗಿಸಿರಬೇಕು.

ಅಷ್ಟು ಒಂಟಿತನ ಬೇಕಿದ್ದರೆ ಒಬ್ಬರೇ ಆಡುವ ಆಟಗಳಿಗೇನು ಬರವೇ, ತಿಂಗಳು ತಿಂಗಳು ದುಡ್ಡು ಕಟ್ಟಿ ಸಂತೆಯಲ್ಲಿ ಯಾಕೆ ಮೌನವ್ರತ ಎಂದು ಕೇಳಿದರೆ ಇವನಿಗೆ ಉತ್ತರ ಹೊಳೆಯುವುದಿಲ್ಲ. ಉತ್ತರವನ್ನು ಬೇರೆಯವರು ಕೊಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದವರು ಮತ್ತು ಜೊತೆಗಾರರು ಈ ಆಟದ ಜನರನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಬರೆದರು: ಬಹಳ ಮಂದಿ ಒಟ್ಟಿಗಿದ್ದೂ ಒಂಟಿಯಾಗಿಯೇ ಆಡುತ್ತಾರೆ, ಅವರಿಗೆ ಉಳಿದವರು ಬೇಕಾಗಿರುವುದು ಜೊತೆಗಾರರಾಗಿ ಅಲ್ಲ, ನೋಡುವವರಾಗಿ. ಆಫೀಸಿನಲ್ಲಿ ವರ್ಷವೆಲ್ಲ ದುಡಿದ ಮೇಲೆ ಅಪ್ರೈಸಲ್ಲಿನಲ್ಲಿ ಮ್ಯಾನೇಜರ್ “ಚೆನ್ನಾಗಿದೆ, ಇನ್ನೂ ಚೆನ್ನಾಗಿ ಮಾಡಬಹುದು” ಎನ್ನುತ್ತಾನೆ. ಇಲ್ಲಿ ಎಂಟು ಹಂದಿ ಬಿದ್ದರೆ ಸಾಕು, ಮೈಯಿಂದ ಚಿನ್ನದ ಬೆಳಕು ಚಿಮ್ಮಿ ನಾಲ್ಕು ದಿಕ್ಕಿಗೂ ಕೇಳುವಂತೆ ಡಿಂಗ್ ಎನ್ನುತ್ತದೆ. ಆ ಹೊತ್ತಿಗೆ ಕುದುರೆಯ ಮೇಲೆ ಹಾದುಹೋಗುವ ಅಪರಿಚಿತನೊಬ್ಬ ಒಂದು ಕ್ಷಣ ತಿರುಗಿದರೆ ಏಕಾಂಗವೀರನ ಜನ್ಮ ಸಾರ್ಥಕ. ಅವನು ನಿಂತು ಮಾತಾಡಿಸಿದರೆ ಮಾತ್ರ ಕಷ್ಟ.

ಆದ್ದರಿಂದಲೇ ಇವನಿಗೆ ತುದಿ ಎಂದರೆ ಭಯ. ತುದಿಯಲ್ಲಿ ಡಿಂಗ್ ಇಲ್ಲ. ಅಲ್ಲಿ ಇರುವುದು ರೇಡ್ ಎಂಬ ಗುಂಪು ದಂಡಯಾತ್ರೆ. ಹಳೆಯ ಕಾಲದ ಮೋಲ್ಟನ್ ಕೋರ್ ಎಂಬ ಬೆಂಕಿಯ ಗುಹೆಗೆ ನಲವತ್ತು ಜನ ಕೂಡಿ ಹೋಗಬೇಕಿತ್ತು. ಈಗಲೂ ಅತಿ ಕಠಿಣ ಮಟ್ಟದ ರೇಡಿಗೆ ಇಪ್ಪತ್ತು ಜನ ಬೇಕು. ಯಾರೋ ಕರೆಯಬೇಕು, ಯಾರನ್ನೋ ನಂಬಬೇಕು, ಯಾರದೋ ಮಗು ಅತ್ತರೆ ಹತ್ತೊಂಬತ್ತು ಜನ ಕಾಯಬೇಕು. ಇದನ್ನೆಲ್ಲ ನೆನೆದು ಏಕಾಂಗವೀರ ‘ಹೊಸ ಪಾತ್ರ’ದ ಗುಂಡಿ ಒತ್ತುತ್ತಾನೆ.

ಅವನ ತಂಗಿಗೂ ಒಮ್ಮೆ ಈ ಆಟದ ಗಾಳಿ ಬೀಸಿತು. ಇಪ್ಪತ್ತನೆಯ ಲೆವೆಲ್‌ವರೆಗೆ ದುಡ್ಡು ಕಟ್ಟದೆಯೇ ಆಡಬಹುದೆಂದು ಕೇಳಿ ಒಳಗೆ ಬಂದಳು. ಬಂದವಳು ಅಣ್ಣನ ಸಂಹಿತೆಯ ಒಂದು ಸೂತ್ರವನ್ನೂ ಪಾಲಿಸಲಿಲ್ಲ. ಪ್ರತಿ ಕ್ವೆಸ್ಟಿನ ಮಾತನ್ನೂ ಪೂರ್ತಿ ಓದಿದಳು. ಜಲಪಾತ ಕಂಡಲ್ಲಿ ಕೂತಳು. ಹಂದಿ ಹೊಡೆಯಲಾರದೆ ದಾರಿಹೋಕರ ಸಹಾಯ ಕೇಳಿದಳು. ಅವರ ಜೊತೆ ಸತ್ತಳು, ನಕ್ಕಳು, ಮತ್ತೆ ಸತ್ತಳು. ಅಣ್ಣ ಎರಡು ಪಾತ್ರ ಬೆಳೆಸುವ ಹೊತ್ತಿಗೆ ಅವಳು ಒಂದರಲ್ಲೇ ತೆವಳಿ ತುದಿ ಮುಟ್ಟಿದ್ದಳು, ಮತ್ತು ಅಷ್ಟು ಹೊತ್ತಿಗೆ ಒಂದು ದೊಡ್ಡ ಗಿಲ್ಡಿನ ಪದಾಧಿಕಾರಿಯೂ ಆಗಿದ್ದಳು.

ಒಂದು ದಿನ ಫೋನು ಮಾಡಿದಳು. “ಅಣ್ಣ, ನಮ್ಮ ರೇಡಿಗೆ ಒಬ್ಬ ಬೇಟೆಗಾರ ಕಮ್ಮಿ ಆಗಿದಾನೆ. ನೀನು ಬಾರೋ. ಆದ್ರೆ ನಮ್ಮ ಗಿಲ್ಡಿನ ರೂಲ್ ಇದೆ, ಫಾರ್ಮ್ ತುಂಬಬೇಕು. ನಾನು ಮನೆಯವಳು, ನನ್ನ ಹೆಸರು ಹಾಕೋ ಹಾಗಿಲ್ಲ.”

ಏಕಾಂಗವೀರ ಬಹಳ ಯೋಚಿಸಿ, ಫಾರ್ಮ್ ತೆಗೆದ. ಅನುಭವ ಎಂಬಲ್ಲಿ ಒಂದು ಪುಟ ಬರೆದ. ಕೊನೆಗೆ ಒಂದು ಕಲಂ ಇತ್ತು: ‘ನಿಮ್ಮನ್ನು ಬಲ್ಲ ಇಬ್ಬರು ಆಟಗಾರರ ಹೆಸರು’. ಅದನ್ನೂ ತುಂಬಿ ಕಳಿಸಿದ.

ಸಂಜೆ ಮತ್ತೆ ಫೋನು ಬಂತು. “ಅಣ್ಣಾ, ಈ ಡ್ರುಯಿಡ್, ಈ ಶಾನುಭೋಗ, ಇಬ್ಬರೂ ನೀನೇ ಅಲ್ವೇನೋ?”

“ಹೌದು,” ಎಂದ ಏಕಾಂಗವೀರ. “ಆದ್ರೆ ನನ್ನನ್ನ ಅವರಷ್ಟು ಚೆನ್ನಾಗಿ ಬಲ್ಲವರು ಇನ್ಯಾರಿದಾರೆ, ನೀನೇ ಹೇಳು.”